ಹಿಟ್ಟಿನ ಕೋಳಿಯೂ ಪರದೆಯ ಆಟವೂ

ದಶಲಕ್ಷಣ ಮಹಾಪರ್ವದ ಮೊದಲನೆಯ ದಿನ ಉತ್ತಮ ಕ್ಷಮೆಯದು. ಇತ್ತೀಚಿನ ವರ್ಷವೊಂದರಲ್ಲಿ ಅದೇ ದಿನದ ರಾತ್ರಿ, ಉತ್ತರ ಕರ್ನಾಟಕದ ಒಂದು ಊರಿನ ಜೈನ ವಿದ್ಯಾರ್ಥಿನಿಲಯದಲ್ಲಿ ನಡೆದ ಸಣ್ಣ ಘಟನೆಯೊಂದು ಶ್ರಾವಕರೆಲ್ಲರ ವಿಚಾರಕ್ಕೆ ಅರ್ಹವಾದುದಾಗಿದೆ. ಬಸದಿಯಲ್ಲಿ ಪ್ರವಚನ, ಆರತಿಗಳು ಮುಗಿದು ವಿದ್ಯಾರ್ಥಿಗಳು ತಮ್ಮ ತಮ್ಮ ಕೊಠಡಿಗಳಿಗೆ ಮರಳಿದ್ದರು. ದೀಪ ಆರಿಸಲು ಹೇಳುತ್ತ ಪಡಸಾಲೆಯಲ್ಲಿ ಸಾಗುತ್ತಿದ್ದ ನಿಲಯಪಾಲಕರ ಕಿವಿಗೆ ಒಂದು ಕೋಣೆಯೊಳಗಿಂದ ಈ ಮಾತು ಬಿತ್ತು: "ಆಕೆ ತಾಯಿಯ ಹಾಗೆ ನೋಡಿಕೊಂಡಿದ್ದಳು. ಅವಳನ್ನೇ ಕೊಂದುಬಿಟ್ಟೆ. ಆಮೇಲೆ ಹಿಂದಕ್ಕೆ ಹೋಗಿ ಎಲ್ಲ ಅಳಿಸಿದೆ. ಆದರೂ ಅದಕ್ಕೆ ಗೊತ್ತಾಗಿಬಿಟ್ಟಿತು."

ನಿಲಯಪಾಲಕರು ಬಾಗಿಲು ದೂಡಿದರು. ಒಳಗೆ ಮೂವರು ವಿದ್ಯಾರ್ಥಿಗಳು ಒಂದು ಲ್ಯಾಪ್‌ಟಾಪಿನ ಸುತ್ತ ಕುಳಿತು ತಮಗೆ ಪ್ರಿಯವಾದ ವಿಡಿಯೋ ಗೇಮ್‌ಗಳ ಬಗ್ಗೆ ಹರಟುತ್ತಿದ್ದರು. ಕೊಲೆ ನಡೆದಿರಲಿಲ್ಲವೆಂಬುದು ಸಮಾಧಾನ. ಕ್ಷಮೆಯ ದಿನದಂದು ಕೊಲೆಯ ಮಾತು ನಡೆದಿತ್ತೆಂಬುದು ಅಸಮಾಧಾನ. ವರದಿ ಟ್ರಸ್ಟಿನ ಸಭೆಗೆ ಹೋಯಿತು. ಮೂವರನ್ನೂ ನಿಲಯದಿಂದ ಬಿಡುಗಡೆ ಮಾಡತಕ್ಕದ್ದು, ಇನ್ನು ಮುಂದೆ ನಿಲಯದಲ್ಲಿ ಇಂಥ ಆಟಗಳು ಸಂಪೂರ್ಣ ನಿಷಿದ್ಧ ಎಂಬ ಠರಾವಿನ ಕರಡು ಸಿದ್ಧವಾಯಿತು. ಮೂವರಲ್ಲಿ ಕಿರಿಯವನು ತಂದೆಯಿಲ್ಲದ ಹುಡುಗ. ನಿಲಯದ ಅನ್ನ, ವಸತಿ ತಪ್ಪಿದರೆ ಅವನ ಓದು ಅಲ್ಲಿಗೇ ನಿಲ್ಲುವಂತಿತ್ತು. ಮೇಲೆ ಹೇಳಿದ ಮಾತನ್ನು ಆಡಿದವನು ಅವನೇ.

ಸಭೆಯಲ್ಲಿ ಶಾಸ್ತ್ರಾಭ್ಯಾಸವುಳ್ಳ ಧರ್ಮದರ್ಶಿಯೊಬ್ಬರು ಯಶೋಧರನ ಕಥೆಯನ್ನು ಎತ್ತಿದರು. ಕನ್ನಡ ಜೈನರ ಮನೆಗಳಲ್ಲಿ ಈ ಕಥೆಯನ್ನು ಕೇಳದ ಕಿವಿ ಕಡಿಮೆ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನ ಕವಿ 1209ರಲ್ಲಿ ಇದನ್ನು ಕಾವ್ಯವಾಗಿಸಿದನು. ಉಜ್ಜಯಿನಿಯ ಅರಸ ಯಶೋಧರನು ತನ್ನ ರಾಣಿ ಅಮೃತಮತಿ ಮಾವುತನಲ್ಲಿ ಮನವಿಟ್ಟುದನ್ನು ಕಂಡು ನೊಂದನು. ನಿಜವನ್ನು ತಾಯಿಗೆ ಹೇಳಲಾರದೆ ಕೆಟ್ಟ ಕನಸಿನ ನೆವ ಹೇಳಿದನು. ತಾಯಿ ಚಂದ್ರಮತಿಯು ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದಳು. ಜೀವವನ್ನು ಕೊಲ್ಲಲು ಅವನು ಒಪ್ಪಲಿಲ್ಲ. ತಾಯಿಯ ಮಾತನ್ನು ಮೀರಲೂ ಆಗಲಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನು ಮಾಡಿಸಿ ಕತ್ತರಿಸಿದನು. ಕತ್ತಿ ಬಿದ್ದಾಗ ಆ ಕೋಳಿ ಕೂಗಿತು. ಆಮೇಲೆ ತಾಯಿ ಮಗ ಇಬ್ಬರೂ ರಾಣಿ ಇಕ್ಕಿದ ವಿಷದಿಂದ ಸತ್ತು, ನವಿಲಾಗಿ ನಾಯಾಗಿ ಮೊದಲುಗೊಂಡು ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು.

"ಹಿಟ್ಟನ್ನು ಕತ್ತರಿಸಿದವನಿಗೆ ಇಷ್ಟು ಫಲವಾದರೆ, ದಿನಕ್ಕೆ ನೂರು ಜನರನ್ನು ಪರದೆಯ ಮೇಲೆ ಕತ್ತರಿಸುವವರ ಗತಿ ಏನು?" ಎಂದು ಆ ಧರ್ಮದರ್ಶಿಗಳು ಕೇಳಿದರು.

ಪ್ರಶ್ನೆ ಹಗುರವಾದುದಲ್ಲ. ಅದು ಬರಿಯ ಚಿತ್ರ, ಅದರಲ್ಲಿ ಜೀವವಿಲ್ಲ, ಜೀವವಿಲ್ಲದಲ್ಲಿ ಹಿಂಸೆಯಿಲ್ಲ ಎಂದು ತರುಣರು ಸಾಮಾನ್ಯವಾಗಿ ಕೊಡುವ ಉತ್ತರ ಜೈನಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ತಮ್ಮ ಸಾಗಾರಧರ್ಮಾಮೃತದಲ್ಲಿ ಬೇಟೆಯ ವ್ಯಸನವನ್ನು ಬಿಟ್ಟ ಶ್ರಾವಕನಿಗೆ ಒಂದು ಸೂಕ್ಷ್ಮ ನಿಯಮವನ್ನು ಹೇಳಿದ್ದಾರೆ: ಬಟ್ಟೆಯ ಮೇಲೆ, ನಾಣ್ಯದ ಮೇಲೆ, ಗೊಂಬೆ ಮೊದಲಾದವುಗಳಲ್ಲಿ ಮೂಡಿಸಿದ ಜೀವಿಗಳ ಆಕಾರವನ್ನೂ ಅವನು ಛೇದಿಸಬಾರದು. ಜವಳಿ ಅಂಗಡಿಯಲ್ಲಿ ನವಿಲಿನ ಚಿತ್ರವಿರುವ ಬಟ್ಟೆಗೆ ಕತ್ತರಿ ಹಾಕುವಾಗ ಎಷ್ಟು ಶ್ರಾವಕರಿಗೆ ಈ ಮಾತು ನೆನಪಾಗುವುದೋ ತಿಳಿಯದು. ಇಲ್ಲಿ ಗಮನಿಸಬೇಕಾದುದು, ಚಿತ್ರಕ್ಕೆ ನೋವಾಗುವುದೆಂದು ಆಶಾಧರರು ಹೇಳಲಿಲ್ಲ ಎಂಬುದು. ಬೇಟೆಯ ಅಭಿರುಚಿ ಚಿತ್ರದ ದಾರಿಯಿಂದ ಮರಳಿ ಬರಬಾರದೆಂಬುದೇ ನಿಯಮದ ಒಳಗಿನ ಕಾಳಜಿ. ತತ್ತ್ವಾರ್ಥಸೂತ್ರವೂ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮತ್ತಯೋಗವನ್ನು ಇಟ್ಟಿದೆ. ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿ ಬರುವ ಅಕ್ಕಿಕಾಳಿನಷ್ಟು ಸಣ್ಣ ಮೀನು ಯಾರನ್ನೂ ತಿನ್ನಲಿಲ್ಲ. ಅದರ ಬಾಯಿಗೆ ಆ ಶಕ್ತಿಯೇ ಇರಲಿಲ್ಲ. ಅಶುದ್ಧ ಭಾವ ಒಂದರಿಂದಲೇ ಅದು ಮಹಾನರಕಕ್ಕೆ ಹೋಯಿತು.

ಆದ್ದರಿಂದ ಜೀವವಿಲ್ಲವೆಂಬ ಸಮಾಧಾನ ಸಾಲದು. ಹಾಗೆಂದು ಎಲ್ಲ ಆಟವೂ ಹಿಟ್ಟಿನ ಕೋಳಿಯೇ ಎಂದು ತೀರ್ಪು ಕೊಟ್ಟುಬಿಡುವುದೂ ಅವಸರವೇ. ಚದುರಂಗದಲ್ಲಿ ಆನೆ ಬೀಳುತ್ತದೆ, ಕುದುರೆ ಬೀಳುತ್ತದೆ, ಮಂತ್ರಿ ಸಾಯುತ್ತಾನೆ. ಅದನ್ನು ಆಡಿದ ಯಾವ ಶ್ರಾವಕನಿಗೂ ಯಾರೂ ಪ್ರಾಯಶ್ಚಿತ್ತ ವಿಧಿಸಿದಂತಿಲ್ಲ. ಗುಜರಾತ, ರಾಜಸ್ಥಾನಗಳ ಜೈನರಲ್ಲಿ ಜ್ಞಾನಚೌಪಡವೆಂಬ ಹಾವು ಏಣಿಯ ಆಟವೇ ಕರ್ಮದ ಪಾಠವಾಗಿ ಬಳಕೆಯಲ್ಲಿತ್ತು. 84 ಮನೆಗಳ ಅಂಥ ಪಟಗಳನ್ನು ಬಟ್ಟೆಯ ಮೇಲೆ ಬರೆಯಿಸುತ್ತಿದ್ದರು. ಹಾಗಿದ್ದರೆ ಯಾವ ಆಟ ಯಾವುದು, ಅದರಲ್ಲಿ ಭಾವ ಎಲ್ಲಿ ಕೆಡುತ್ತದೆ ಎಂಬುದನ್ನು ಹೊರಗಿನಿಂದ ತಿಳಿಯುವ ಉಪಾಯವೇನು? ಸಭೆಯಲ್ಲಿದ್ದ ಹಿರಿಯ ಜವಳಿ ವ್ಯಾಪಾರಿಯೊಬ್ಬರು, "ಹುಡುಗರನ್ನು ಕರೆಯಿರಿ. ಅಂದು ರಾತ್ರಿ ಏನು ಮಾತಾಡಿದರೋ ಅದನ್ನೇ ಇಲ್ಲಿ ಆಡಲಿ" ಎಂದರು.

ಮೊದಲು ಮಾತಾಡಿದವನು ಇಂಜಿನಿಯರಿಂಗ್ ಓದುವವನು. ಅವನ ಮೆಚ್ಚಿನ ಆಟ ಮೊಬೈಲಿನಲ್ಲಿ ಆಡುವ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕಿ, ಸಿಕ್ಕ ಆಯುಧ ಹಿಡಿದು, ಕೊನೆಗೆ ಉಳಿದವರೇ ಗೆದ್ದವರೆನಿಸುವ ಆಟ. 2020ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರವು ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿದ ಮೇಲೆ, 2021ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿಯು ಇದನ್ನು ಭಾರತಕ್ಕೆಂದೇ ತಂದಿತು. ತರುವಾಗ ಎರಡು ಬದಲಾವಣೆ ಮಾಡಿತು. ಗುಂಡು ತಗುಲಿದಾಗ ಚಿಮ್ಮುವ ರಕ್ತಕ್ಕೆ ಹಸಿರು ಬಣ್ಣ ಬಂತು. ಕೊಂದ ಲೆಕ್ಕ ತೋರಿಸುವಲ್ಲಿ ಕೊಂದರು ಎಂಬುದರ ಬದಲು ಮುಗಿಸಿದರು ಎಂಬರ್ಥದ ಶಬ್ದ ಬಂತು.

ಯಶೋಧರನ ಕಥೆ ನಿಜವಾಗಿ ಅನ್ವಯಿಸುವುದು ಇಲ್ಲಿ. ಕೋಳಿಯ ಬದಲು ಹಿಟ್ಟು. ಕೆಂಪಿನ ಬದಲು ಹಸಿರು. ಬಲಿಯ ಸಂಕಲ್ಪ ಇದ್ದಂತೆಯೇ ಇದ್ದು, ಕಣ್ಣಿಗೆ ಕಾಣುವ ದ್ರವ್ಯ ಮಾತ್ರ ಬದಲಾಯಿತು. ಹೆಸರು ಬದಲಿಸಿದರೆ ಸರಕಿನ ಗುಣ ಬದಲಾಗದೆಂಬುದು ಅಂಗಡಿ ನಡೆಸುವವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೆ ಆ ಹುಡುಗನು ಹೇಳಿದ ಇನ್ನೊಂದು ಮಾತನ್ನು ಸಭೆ ನಿರೀಕ್ಷಿಸಿರಲಿಲ್ಲ. ಆ ಆಟವನ್ನು ನಾಲ್ವರು ಗೆಳೆಯರು ಗುಂಪಾಗಿ ಆಡುತ್ತಾರೆ. ಒಬ್ಬನು ಬಿದ್ದರೆ ಇನ್ನೊಬ್ಬನು ಅವನ ಬಳಿ ಸೆಕೆಂಡುಗಳ ಕಾಲ ಕುಳಿತು ಎಬ್ಬಿಸಬಹುದು. ಹಾಗೆ ಕುಳಿತವನು ವೈರಿಯ ಗುಂಡಿಗೆ ಸುಲಭವಾಗಿ ಸಿಕ್ಕುತ್ತಾನೆ. "ಎಷ್ಟು ಜನರನ್ನು ಹೊಡೆದೆನೆಂಬುದು ಮರುದಿನ ನೆನಪಿರುವುದಿಲ್ಲ ಅಜ್ಜಾ. ಯಾರನ್ನು ಎಬ್ಬಿಸಲು ಹೋಗಿ ಸತ್ತೆ ಎಂಬುದನ್ನು ವಾರಗಟ್ಟಲೆ ಮಾತಾಡುತ್ತೇವೆ" ಎಂದನು.

ಎರಡನೆಯವನ ಅಭಿರುಚಿ ಹಳೆಯ ಜಪಾನೀ ಆಟಗಳದು. 2005ರಲ್ಲಿ ಫುಮಿಟೊ ಉಯೇಡಾ ಎಂಬವರು ರೂಪಿಸಿದ ಶ್ಯಾಡೋ ಆಫ್ ದ ಕೊಲೋಸಸ್ ಎಂಬ ಆಟವನ್ನು ಅವನು ವರ್ಣಿಸಿದನು. ಸತ್ತ ಹುಡುಗಿಯೊಬ್ಬಳನ್ನು ಬದುಕಿಸಿಕೊಳ್ಳಲು ಒಬ್ಬ ತರುಣನು ನಿರ್ಜನ ನಾಡಿಗೆ ಬರುತ್ತಾನೆ. ಅಲ್ಲಿರುವ 16 ಮಹಾಕಾಯ ಜೀವಿಗಳನ್ನು ಕೊಲ್ಲಬೇಕೆಂಬುದು ಷರತ್ತು. ಬೇರೆ ವೈರಿಗಳು ಯಾರೂ ಇಲ್ಲ. ಆ ಜೀವಿಗಳಲ್ಲಿಯೂ ಕೆಲವು ತಮ್ಮ ಪಾಡಿಗೆ ತಾವಿದ್ದು, ಕೆಣಕಿದ ಮೇಲೆಯೇ ತಿರುಗಿಬೀಳುತ್ತವೆ. ಒಂದೊಂದು ಉರುಳಿದಾಗಲೂ ಜಯಭೇರಿ ಮೊಳಗದೆ ಶೋಕದ ಸಂಗೀತ ಬರುತ್ತದೆ. ಅದರ ದೇಹದಿಂದ ಕಪ್ಪು ಎಳೆಗಳು ಹೊರಟು ಕೊಂದವನ ಮೈಯೊಳಗೆ ಸೇರುತ್ತವೆ. ಆಟ ಮುಂದುವರಿದಂತೆ ಆ ತರುಣನ ಮುಖ ಕಳೆಗುಂದುತ್ತದೆ. ಕರ್ಮಪುದ್ಗಲಗಳು ಆತ್ಮಪ್ರದೇಶಕ್ಕೆ ಹರಿದು ಬರುವ ಆಸ್ರವವನ್ನು ಪಾಠಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವಾಗ ಎಷ್ಟು ಕಷ್ಟಪಡಬೇಕಾಗುತ್ತದೆಂಬುದು ಹೇಳಿಕೊಡುವವರಿಗೆ ಗೊತ್ತು. ಈ ಹುಡುಗನು ಅದನ್ನು ಪರದೆಯಲ್ಲಿ ಕಂಡಿದ್ದನು.

ಇನ್ನೊಂದನ್ನೂ ಅವನು ಹೇಳಿದನು. ಹಿಡಿಯೊ ಕೊಜಿಮಾ ನಿರ್ದೇಶಿಸಿದ, 2004ರ ಮೆಟಲ್ ಗಿಯರ್ ಸಾಲಿಡ್ 3 ಎಂಬ ಆಟದಲ್ಲಿ ನಾಯಕನು ಒಂದು ಕಡೆ ಮಂಜು ಕವಿದ ನದಿಯಲ್ಲಿ ನಡೆಯಬೇಕಾಗುತ್ತದೆ. ಅಲ್ಲಿಯವರೆಗೆ ಆಟಗಾರನು ಯಾರು ಯಾರನ್ನು ಕೊಂದಿದ್ದನೋ ಅವರ ಪ್ರೇತಗಳು ಎದುರಿನಿಂದ ನಡೆದು ಬರುತ್ತವೆ. ಕೊಲ್ಲದೆ ಅಡಗಿ ಸಾಗಿದವನಿಗೆ ನದಿ ಹೆಚ್ಚುಕಡಿಮೆ ಬರಿದು. ಅಡ್ಡ ಬಂದ ಕಾವಲುಗಾರರನ್ನೆಲ್ಲ ಕೊಂದುಕೊಂಡು ಬಂದಿದ್ದ ಈ ವಿದ್ಯಾರ್ಥಿಗೆ ಆ ನದಿ ಮುಗಿಯಲೇ ಇಲ್ಲವಂತೆ. "ಇವರೆಲ್ಲ ನಾನು ಕೊಂದವರೇ ಎಂದು ತಿಳಿಯುವಷ್ಟರಲ್ಲಿ ನಾಚಿಕೆಯಾಯಿತು" ಎಂದನು.

ಇದೇ ಹುಡುಗನ ಬಾಯಿಂದ ಬಂದ ಇನ್ನೊಂದು ಆಟದ ಸಂಗತಿ ಸಭೆಯಲ್ಲಿದ್ದ ವ್ಯಾಪಾರಸ್ಥರನ್ನು ಎಚ್ಚರಗೊಳಿಸಿತು. ಇಂಥ ಪಾತ್ರಧಾರಣೆಯ ಆಟಗಳಿಗೆ ಮೂಲ 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಡಂಜನ್ಸ್ ಅಂಡ್ ಡ್ರಾಗನ್ಸ್. ಆಟಗಾರನು ಒಬ್ಬ ವೀರನ ವೇಷ ತೊಟ್ಟು, ರಾಕ್ಷಸರನ್ನು ಸೋಲಿಸಿ, ಅನುಭವದ ಅಂಕಗಳನ್ನು ಗಳಿಸಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಪದ್ಧತಿ ಅಲ್ಲಿಂದ ಬಂತು. ರಿಚರ್ಡ್ ಗ್ಯಾರಿಯೆಟ್ ಎಂಬವರು ಆ ಜಾಡಿನಲ್ಲಿಯೇ ಅಲ್ಟಿಮಾ ಎಂಬ ಆಟಗಳನ್ನು ಮಾಡುತ್ತಿದ್ದರು. ವೀರನ ವೇಷ ತೊಟ್ಟವರು ಅಂಗಡಿಕಾರರನ್ನು ಕೊಲ್ಲುತ್ತ, ಕದಿಯುತ್ತ ಗೆಲ್ಲುತ್ತಿದ್ದುದನ್ನು ಕಂಡು ಅವರಿಗೆ ಬೇಸರವಾಯಿತು. 1985ರ ನಾಲ್ಕನೆಯ ಅಲ್ಟಿಮಾದಲ್ಲಿ ಅವರು ಖಳನನ್ನೇ ತೆಗೆದುಹಾಕಿದರು. ಸತ್ಯ, ಕರುಣೆ, ವಿನಯ ಮೊದಲಾದ ಎಂಟು ಗುಣಗಳನ್ನು ಸಾಧಿಸುವುದೇ ಅಲ್ಲಿ ಗೆಲವು. ಅವತಾರವೆಂಬ ಸಂಸ್ಕೃತ ಶಬ್ದವನ್ನೇ ಆ ಆಟದ ಹೆಸರಿಗೆ ಸೇರಿಸಿಕೊಂಡರು.

ಅದರಲ್ಲಿ ಗಿಡಮೂಲಿಕೆ ಮಾರುವ ಕುರುಡಿಯೊಬ್ಬಳಿದ್ದಾಳೆ. ಆಕೆ ಬೆಲೆ ಹೇಳುತ್ತಾಳೆ. ಎಷ್ಟು ನಾಣ್ಯ ಕೊಡುವುದೆಂಬುದನ್ನು ಆಟಗಾರನೇ ನಮೂದಿಸಬೇಕು. ಕಡಿಮೆ ಕೊಟ್ಟರೂ ಆಕೆಗೆ ಗೊತ್ತಾಗುವುದಿಲ್ಲ. ದಂಡವಿಲ್ಲ, ಬೈಗುಳವಿಲ್ಲ, ಮೂಲಿಕೆ ಕೈಗೆ ಬರುತ್ತದೆ. ಆದರೆ ಒಳಗೆಲ್ಲೋ, ಆಟಗಾರನ ಕಣ್ಣಿಗೆ ಬೀಳದ ಲೆಕ್ಕದಲ್ಲಿ, ಅವನ ಪ್ರಾಮಾಣಿಕತೆ ಇಳಿದಿರುತ್ತದೆ. ಬಹಳ ಕಾಲದ ಮೇಲೆ ಕೋಟೆಯಲ್ಲಿರುವ ದ್ರಷ್ಟಾರನನ್ನು ಕೇಳಿದಾಗಲೇ ಅದು ತಿಳಿಯುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂಬುದು, ಅಂದರೆ ಕೊಡುವಾಗ ಒಂದು ಅಳತೆ ಕೊಳ್ಳುವಾಗ ಒಂದು ಅಳತೆ ಇಟ್ಟುಕೊಳ್ಳುವುದು, ಅಂಗಡಿಯ ಗಾದಿಯ ಮೇಲೆ ಕುಳಿತವರಿಗೆ ತೀರ ಹತ್ತಿರದ ದೋಷ. ಯಾರೂ ನೋಡದಾಗ ತಕ್ಕಡಿ ಹೇಗೆ ತೂಗುತ್ತದೆಂಬುದನ್ನು ಹದಿನಾರರ ಹುಡುಗನಿಗೆ ಉಪದೇಶವಿಲ್ಲದೆ ಕೇಳುವ ಆಟವೊಂದಿದೆ ಎಂಬುದನ್ನು ಸಭೆಯಲ್ಲಿದ್ದ ಕೆಲವರು ಮೌನವಾಗಿ ಕೇಳಿಸಿಕೊಂಡರು.

ಕಿರಿಯವನ ಸರದಿ ಬಂದಾಗ ಅವನಿಗೆ ಮೊದಲು ಮಾತೇ ಹೊರಡಲಿಲ್ಲ. ಅವನು ಆಡಿದ್ದು ಅಂಡರ್‌ಟೇಲ್ ಎಂಬ ಪಾತ್ರಧಾರಣೆಯ ಆಟ. ಟೋಬಿ ಫಾಕ್ಸ್ ಎಂಬ ಅಮೆರಿಕದ ಯುವಕನು ಅದರ ಬಹುಪಾಲು ಕೆಲಸವನ್ನು ತಾನೇ ಮಾಡಿ 2015ರಲ್ಲಿ ಹೊರತಂದನು. ಚಿತ್ರಗಳು ಸರಳ, ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ನೆಲದಡಿಯ ರಾಕ್ಷಸರ ಲೋಕಕ್ಕೆ ಮನುಷ್ಯರ ಮಗುವೊಂದು ಬೀಳುತ್ತದೆ. ಎದುರಿಗೆ ಬಂದವರೊಡನೆ ಅದು ಹೋರಾಡಬಹುದು, ಮಾತಿನಿಂದಲೋ ನಡೆಯಿಂದಲೋ ಒಲಿಸಬಹುದು, ದಯೆ ತೋರಿ ಬಿಟ್ಟುಬಿಡಬಹುದು. ಒಬ್ಬರನ್ನೂ ಕೊಲ್ಲದೆ ಆಟವನ್ನು ಪೂರ್ತಿ ಮಾಡಲು ಸಾಧ್ಯವಿದೆ. ಎಲ್ಲರನ್ನೂ ಕೊಂದು ಮುಗಿಸಲೂ ಸಾಧ್ಯವಿದೆ.

ಬಿದ್ದ ಮಗುವನ್ನು ಮೊದಲು ಕೈಹಿಡಿಯುವವಳು ಟೊರಿಯೆಲ್ ಎಂಬ, ಆಡಿನ ಮುಖದ ಬಿಳಿಯ ಮೈಯ ತಾಯಿ. ದಾರಿ ತೋರುತ್ತಾಳೆ, ಸಿಹಿತಿನಿಸು ಮಾಡಿಡುತ್ತಾಳೆ, ಮಲಗಲು ಕೋಣೆ ಕೊಡುತ್ತಾಳೆ. ಮಗು ಹೊರಗೆ ಹೋಗುತ್ತೇನೆಂದಾಗ, ಹೊರಗೆ ಅಪಾಯವಿದೆಯೆಂದು ಬಾಗಿಲಿಗೆ ಅಡ್ಡ ನಿಂತು ಕಾದುತ್ತಾಳೆ. ಮಗುವಿನ ಬಲ ಕುಂದಿದಾಗ ತನ್ನ ಬೆಂಕಿ ಅದಕ್ಕೆ ತಗುಲದಂತೆ ಆಕೆಯೇ ಬದಿಗೆ ಸರಿಸುತ್ತಾಳೆ. ದಯೆಯ ಗುಂಡಿಯನ್ನು ಒತ್ತಿದರೆ ಮೊದಮೊದಲು ಏನೂ ಆಗುವುದಿಲ್ಲ. ಬೇರೆ ಆಟಗಳಲ್ಲಿ ಎದುರಾಳಿಯನ್ನು ದುರ್ಬಲಗೊಳಿಸಿದರೆ ಅವನು ಶರಣಾಗುವುದುಂಟು. ಇಲ್ಲಿಯೂ ಹಾಗೆಯೇ ಎಂದು ಆ ಹುಡುಗನು ಸ್ವಲ್ಪ ಸ್ವಲ್ಪವೇ ಹೊಡೆದನು. ಕೊನೆಯ ಪೆಟ್ಟು ಅವನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಿದ್ದಿತು. ತಾಯಿ ಸತ್ತಳು.

ಅವನು ಆಟವನ್ನು ನಿಲ್ಲಿಸಿ, ಹಿಂದೆ ಉಳಿಸಿಟ್ಟಿದ್ದ ಹಂತಕ್ಕೆ ಮರಳಿ, ಆ ಕಾಳಗವನ್ನು ಮತ್ತೆ ಮೊದಲಿನಿಂದ ಆಡಿದನು. ಈ ಸಲ ಹೊಡೆಯಲಿಲ್ಲ. ಇಪ್ಪತ್ತು ಸಲಕ್ಕೂ ಹೆಚ್ಚು ದಯೆಯ ಗುಂಡಿಯನ್ನೇ ಒತ್ತಿದನು. ತಾಯಿ ಸೋತು, ಅಪ್ಪಿಕೊಂಡು, ದಾರಿ ಬಿಟ್ಟಳು. ಹೊರಗೆ ಬಂದರೆ ಅಲ್ಲೊಂದು ಮಾತಾಡುವ ಹಳದಿ ಹೂವು. ನೀನು ಅವಳನ್ನು ಒಮ್ಮೆ ಕೊಂದೆ, ಪಶ್ಚಾತ್ತಾಪವಾಗಿ ಹಿಂದಕ್ಕೆ ಬಂದೆ, ನನಗೆ ಗೊತ್ತು ಎಂಬರ್ಥದ ಮಾತನ್ನು ಅದು ನಗುತ್ತ ಹೇಳಿತು. ಅಳಿಸಿಹೋಯಿತೆಂದು ಆಟಗಾರನು ನಂಬಿದ್ದನ್ನು ಆಟವು ನೆನಪಿಟ್ಟಿತ್ತು. ಪರ್ವದ ರಾತ್ರಿ ಅವನು ಗೆಳೆಯರಿಗೆ ಹೇಳುತ್ತಿದ್ದುದು ಇದನ್ನೇ. ಅವನಿಗೆ ಅಂದು ನಿದ್ದೆ ಬಂದಿರಲಿಲ್ಲ.

ಲೆಕ್ಕಪತ್ರ ಬಲ್ಲವರಿಗೆ ಈ ಹೂವಿನ ಮಾತಿನಲ್ಲಿ ವಿಚಿತ್ರವೇನೂ ಕಾಣದು. ಖಾತೆವಹಿಯಲ್ಲಿ ತಪ್ಪು ಬರೆದರೆ ಅದನ್ನು ಕೆರೆದು ಅಳಿಸುವುದು ಕ್ರಮವಲ್ಲ. ಎದುರು ನಮೂದು ಹಾಕಿ ಸರಿಪಡಿಸಬೇಕು. ತಪ್ಪೂ ಕಾಣುತ್ತಿರಬೇಕು, ತಿದ್ದುಪಡಿಯೂ ಕಾಣುತ್ತಿರಬೇಕು. ಆಲೋಚನೆ, ಪ್ರತಿಕ್ರಮಣಗಳ ಮಾರ್ಗವೂ ಇದೇ. ನಡೆದುದು ನಡೆಯಲಿಲ್ಲವೆಂದು ಅವು ಹೇಳುವುದಿಲ್ಲ. ನಡೆದುದನ್ನು ಗುರುಗಳ ಮುಂದೆ ಹೇಳಿಕೊಳ್ಳುವುದರಿಂದಲೇ ಅವು ಆರಂಭವಾಗುತ್ತವೆ. ಆ ಯುವಕ ಟೋಬಿ ಫಾಕ್ಸ್‌ಗೆ ಜೈನಸಿದ್ಧಾಂತದ ಪರಿಚಯವಿತ್ತೆಂದು ಊಹಿಸಲು ಕಾರಣವಿಲ್ಲ. ಆದರೂ ಆಟದ ಕೊನೆಯ ಭಾಗದಲ್ಲಿ ಅವನು ಮಾಡಿದ ಒಂದು ಚಮತ್ಕಾರ ಗಮನಾರ್ಹ. ಎಲ್ಲ ಆಟಗಳಲ್ಲಿಯೂ ಅನುಭವದ ಅಂಕವೆಂದು ತೋರಿಸುವ ಮೂರಕ್ಷರದ ಸಂಕೇತ ಇಲ್ಲಿಯೂ ಇದೆ. ಪ್ರೀತಿಯೆಂದು ಓದಿಕೊಳ್ಳಬಹುದಾದ ಇನ್ನೊಂದು ಸಂಕೇತವೂ ಇದೆ. ಒಬ್ಬ ಪಾತ್ರಧಾರಿ ಬಂದು, ಮೊದಲನೆಯದು ವಧೆಯ ಅಂಕ, ಎರಡನೆಯದು ಹಿಂಸೆಯ ಮಟ್ಟ ಎಂದು ಬಿಡಿಸಿ ಹೇಳುತ್ತಾನೆ. 1974ರಿಂದ ಆಟಗಾರರು ಬೆಳವಣಿಗೆಯೆಂದು ಕೂಡಿಸುತ್ತ ಬಂದಿದ್ದ ಮೊತ್ತವನ್ನು ಜಮೆಯ ಕಡೆಯಿಂದ ತೆಗೆದು ಸಾಲದ ಕಡೆಗೆ ಬರೆದಂತಾಯಿತು.

ಮೂವರ ಮಾತು ಮುಗಿದ ಮೇಲೆ ಯಶೋಧರನ ಕಥೆಗೆ ಮರಳಿದರೆ, ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಅಂಶ ಕಾಣುತ್ತದೆ: ಆ ಕೋಳಿಯ ಕೂಗು. ಹಿಟ್ಟು ಹಿಟ್ಟಾಗಿಯೇ ಸುಮ್ಮನಿದ್ದಿದ್ದರೆ ಯಶೋಧರನು ತಾನು ಜಾಣತನದಿಂದ ಪಾರಾದೆನೆಂದೇ ತಿಳಿಯುತ್ತಿದ್ದನು. ಕೂಗು ಕೇಳಿದ್ದರಿಂದ ತಾನು ಮಾಡಿದುದೇನೆಂಬುದು ಅವನ ಎದೆಗೆ ತಗುಲಿತು. ಹಸಿರು ರಕ್ತದ ಆಟವು ಈ ಕೂಗನ್ನು ಅಡಗಿಸುವ ಏರ್ಪಾಡು. ನದಿಯ ಪ್ರೇತಗಳು, ಕಪ್ಪು ಎಳೆಗಳು, ನೆನಪಿಟ್ಟ ಹೂವು, ಇವು ಕೂಗನ್ನು ಕೇಳಿಸುವ ಏರ್ಪಾಡು. ಇವೆರಡನ್ನೂ ಒಂದೇ ಠರಾವಿನಲ್ಲಿ ಕಟ್ಟಿಹಾಕುವುದು ವಿವೇಕವಾಗದು.

ಆದರೆ ಆಟ ಹೇಗಿದೆ ಎಂಬುದರಿಂದಷ್ಟೇ ಭಾವ ನಿರ್ಣಯವಾಗುವುದಿಲ್ಲ. ಅದೇ ಅಂಡರ್‌ಟೇಲಿನಲ್ಲಿ, ಏನಾಗುವುದೋ ನೋಡೋಣವೆಂಬ ಕುತೂಹಲ ಒಂದಕ್ಕಾಗಿಯೇ ಎಲ್ಲರನ್ನೂ ಕೊಂದು ಮುಗಿಸುವವರಿದ್ದಾರೆ. ಒಳ್ಳೆಯ ಮುಕ್ತಾಯ ಸಿಕ್ಕಲೆಂದು ಲೆಕ್ಕ ಹಾಕಿ ದಯೆಯ ಗುಂಡಿ ಒತ್ತುವವರಿದ್ದಾರೆ. ಫಲದ ಆಸೆಯಿಂದ ವ್ರತ ಹಿಡಿಯುವುದನ್ನು ಆಚಾರ್ಯರು ನಿದಾನಶಲ್ಯವೆಂದು ಕರೆದಿದ್ದಾರೆ, ಅದು ಮುಳ್ಳೇ ಸರಿ. ಹಾಗಾದರೆ ಎಲ್ಲಿ ನೋಡಬೇಕು?

ಜಪಮಾಲೆಯ 108 ಮಣಿಗಳ ಲೆಕ್ಕ ಶ್ರಾವಕರಿಗೆ ತಿಳಿದಿರುವುದೇ. ಸಂರಂಭ, ಸಮಾರಂಭ, ಆರಂಭವೆಂದು ಮೂರು. ಮನ, ವಚನ, ಕಾಯವೆಂದು ಮೂರು. ಕೃತ, ಕಾರಿತ, ಅನುಮೋದಿತವೆಂದು ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಗುಣಿಸಿದರೆ 108 ದ್ವಾರಗಳು. ಇವುಗಳಲ್ಲಿ ಮೂರನೆಯ ಒಂದು ಪಾಲು, 36, ಅನುಮೋದನೆಯವು; ಬಾಯಿಮಾತಿನಿಂದ ಮಾಡುವ ಅನುಮೋದನೆಯವೇ 12. ಪರದೆಯ ಮೇಲೆ ಕೊಲ್ಲುವುದಕ್ಕೆ ನಿಜವಾದ ಜೀವವಿಲ್ಲದಿರುವಾಗ ದ್ರವ್ಯಹಿಂಸೆ ಕೂಡಿಬರುವುದಿಲ್ಲ. ಅನುಮೋದನೆಗೆ ಮಾತ್ರ ಜೀವ ಬೇಕಾಗಿಲ್ಲ, ಬಾಯಿ ಸಾಕು. ಆಟ ಮುಗಿದು, ಯಂತ್ರ ಆರಿದ ಮೇಲೆ ಗೆಳೆಯರೊಡನೆ ಕುಳಿತು ಆಟಗಾರನು ಯಾವುದನ್ನು ಹೊಗಳಿಕೊಳ್ಳುತ್ತಾನೆ, ಯಾವುದಕ್ಕೆ ನಗುತ್ತಾನೆ, ಯಾವುದನ್ನು ಹೇಳುವಾಗ ಅವನ ದನಿ ತಗ್ಗುತ್ತದೆ, ಅಲ್ಲಿ ಅವನ ಭಾವ ಬಯಲಾಗುತ್ತದೆ. ನಿಲಯಪಾಲಕರು ಯಾವ ಹರಟೆಯನ್ನು ಅಪರಾಧದ ಸಾಕ್ಷಿಯೆಂದು ಹಿಡಿದು ತಂದರೋ ಅದೇ ಈ ಪರೀಕ್ಷೆಗೆ ಇರುವ ಒಂದೇ ಸಾಧನ. ಆಟವನ್ನು ನಿಷೇಧಿಸುವುದರಿಂದ ಹರಟೆ ನಿಲ್ಲುವುದಿಲ್ಲ. ಅದು ಹಿರಿಯರ ಕಿವಿಗೆ ಬೀಳದ ಕಡೆ ನಡೆಯುತ್ತದೆ ಅಷ್ಟೆ.

ಈ ಮಾತು ಹಿರಿಯರಿಗೂ ಸಲ್ಲುತ್ತದೆ. ಸಂಜೆಯ ಧಾರಾವಾಹಿಯಲ್ಲಿ ಸೊಸೆಗೆ ವಿಷವಿಕ್ಕುವ ಅತ್ತೆಯನ್ನು ನೋಡಿ, ಮರುದಿನ ಬಸದಿಯ ಕಟ್ಟೆಯ ಮೇಲೆ ಅದನ್ನೇ ರಸವತ್ತಾಗಿ ವರ್ಣಿಸುವವರು ತಮ್ಮ 12 ದ್ವಾರಗಳನ್ನು ಮುಚ್ಚಿಕೊಂಡಿದ್ದಾರೆಂದು ಹೇಳುವುದು ಕಷ್ಟ. ಅಪಧ್ಯಾನ, ದುಃಶ್ರುತಿಗಳೆಂಬ ಅನರ್ಥದಂಡಗಳಿಗೆ ವಯಸ್ಸಿನ ಮಿತಿ ಇಲ್ಲ.

ಎರಡು ವಿಷಯಗಳಲ್ಲಿ ಮಾತ್ರ ಮೃದುವಾಗಲು ಅವಕಾಶವಿಲ್ಲ. ಒಂದು, ಪಣ. ಹಣ ಕೊಟ್ಟು, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ಕೊಳ್ಳುವ ಏರ್ಪಾಡು ಅನೇಕ ಆಟಗಳಲ್ಲಿದೆ. 2018ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ಕೆಲವು ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಹಣವನ್ನು ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಸಪ್ತವ್ಯಸನಗಳ ಪಟ್ಟಿಯಲ್ಲಿ ದ್ಯೂತವೇ ಮೊದಲನೆಯದೆಂಬುದನ್ನು ಬಲ್ಲವರಿಗೆ ಇದು ಹೊಸ ಕಾನೂನಲ್ಲ. ಇನ್ನೊಂದು, ಕಾಲ. ದಿನಕ್ಕೆ ಮೂರು ತಾಸಿನಂತೆ ವರ್ಷಕ್ಕೆ 1,095 ತಾಸುಗಳು, ಅಂದರೆ 45 ಹಗಲು 45 ರಾತ್ರಿಗಳಿಗಿಂತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, 2022ರಿಂದ ಜಾರಿಯಲ್ಲಿರುವಂತೆ, ಹತೋಟಿ ತಪ್ಪಿದ ಆಟದ ಗೀಳಿಗೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ತೊಂದರೆಗಳಿಗೆಂದೇ 2014ರಿಂದ ಒಂದು ಚಿಕಿತ್ಸಾಲಯ ನಡೆಯುತ್ತಿದೆ. ಅಂಡರ್‌ಟೇಲ್ ಹಲವು ತಾಸುಗಳಲ್ಲಿ ಮುಗಿಯುವ ಆಟ. ನೂರು ಜನರ ದ್ವೀಪದ ಆಟಕ್ಕೆ ಮುಗಿತಾಯವೆಂಬುದಿಲ್ಲ. ಕೊಲೆಗಿಂತ ಇದೇ ಅದರ ದೊಡ್ಡ ದೋಷವಿದ್ದೀತು.

ಸಭೆಯ ಕೊನೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಯು ಅನುಮತಿ ಬೇಡಿ ಒಂದು ಪ್ರಶ್ನೆ ಕೇಳಿದನು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳನ್ನು ಅವನು ಪಾಠಶಾಲೆಯಲ್ಲಿ ಕಲಿತಿದ್ದನು. "ಇವನ ಆಟದಲ್ಲಿ ದಯೆಯ ಗುಂಡಿ ಇದೆ. ನನ್ನದರಲ್ಲಿ ಇಲ್ಲ. ನಾನು ಬಿಟ್ಟವನು ನನ್ನ ಗೆಳೆಯನನ್ನು ಹೊಡೆಯುತ್ತಾನೆ. ಗೆಳೆಯನನ್ನು ಉಳಿಸಲು ಹೊಡೆದರೆ ಅದು ವಿರೋಧೀ ಹಿಂಸೆ ಆಗುವುದಿಲ್ಲವೇ ಅಜ್ಜಾ? ಗೃಹಸ್ಥನಿಗೆ ಅದರ ಪೂರ್ಣ ತ್ಯಾಗ ಹೇಳಿಲ್ಲವಲ್ಲ?"

ಜವಳಿ ವ್ಯಾಪಾರಿಗಳು ಸ್ವಲ್ಪ ಹೊತ್ತು ಯೋಚಿಸಿ, "ವಿರೋಧೀ ಅನ್ನುವುದು ವೈರಿ ನಿನ್ನ ಮನೆಗೆ ಬಂದಾಗ. ಆ ದ್ವೀಪಕ್ಕೆ ವಿಮಾನ ಹತ್ತಿ ಹೋದವನು ನೀನೇ ಅಲ್ಲವೇನಪ್ಪಾ? ಅಲ್ಲಿಗೆ ಏಕೆ ಹೋದೆ?" ಎಂದರು.

"ಗೆಳೆಯರು ಕರೆದರು" ಎಂದನು ಅವನು.

ಇದಕ್ಕೆ ಯಾರೂ ಉತ್ತರ ಹೇಳಲಿಲ್ಲ. ಯಶೋಧರನ ಕಥೆ ಹೇಳಿದ ಧರ್ಮದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಯಶೋಧರನೂ ತಾನಾಗಿ ಕತ್ತಿ ಹಿಡಿದವನಲ್ಲ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಡಿದವನು. ಬಿಡುಗಡೆ ಮಾಡತಕ್ಕದ್ದೆಂಬ ಸಾಲನ್ನು ಕರಡಿನಿಂದ ಹೊಡೆದುಹಾಕಲಾಯಿತು. ಪರ್ವದ ಹತ್ತು ದಿನ ಯಂತ್ರವನ್ನು ಮುಟ್ಟತಕ್ಕದ್ದಲ್ಲ, ಉಳಿದ ದಿನಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಆಡತಕ್ಕದ್ದಲ್ಲ, ಹಣ ತೆರುವ ಯಾವ ಆಟವನ್ನೂ ಆಡತಕ್ಕದ್ದಲ್ಲ ಎಂದು ಬರೆದುಕೊಂಡರು. ತಿಂಗಳಿಗೊಮ್ಮೆ ಸ್ವಾಧ್ಯಾಯದ ನಂತರ ವಿದ್ಯಾರ್ಥಿಗಳು ತಾವು ಆಡಿದ ಆಟದ ಬಗ್ಗೆ ಹಿರಿಯರೊಬ್ಬರ ಮುಂದೆ ಮಾತಾಡಬೇಕೆಂಬ ಸಲಹೆಗೆ ಇಬ್ಬರು ಒಪ್ಪಲಿಲ್ಲ. ಅದು ಮುಂದಿನ ಸಭೆಗೆ ಹೋಯಿತು. ಆಮೇಲೆ ಬಸದಿಯ ಮಾಳಿಗೆ ಸೋರುತ್ತಿದ್ದ ವಿಷಯವನ್ನು ಚರ್ಚೆಗೆ ಎತ್ತಿಕೊಂಡರು.